ಬಂದೇಸಾಬರ ಖಮೀರಿನ ತಾಲೀಮು

ಮಸ್ಕಿಯ ಬಂದೇಸಾಬರಿಗೆ ಬೇಸಿಗೆ ಬಂತೆಂದರೆ ಮೈಯೆಲ್ಲ ಉರಿ. ಬಿಸಿಲಿಗಲ್ಲ. ಬೇಕರಿಯ ಭಟ್ಟಿಯ ಮುಂದೆ ನಿಂತು ನಿಂತು ಅವರು ಎಂದೋ ಅರ್ಧ ಟೋಸ್ಟ್ ಆಗಿದ್ದರು. ಸೂರ್ಯನೇ ಇಳಿದು ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತರೂ, "ಸ್ವಲ್ಪ ಸರದು ಕುಂಡ್ರಿ, ಗಿರಾಕಿಗೆ ಅಡ್ಡ ಆಗ್ತೀರಿ" ಅನ್ನುವ ಮನುಷ್ಯ. ಅವರ ಉರಿಗೆ ಕಾರಣ ಬೇರೆ. ಪ್ರತಿ ಬೇಸಿಗೆಯಲ್ಲೂ ಅವರ ಖಮೀರ್ ಸಾಯುತ್ತಿತ್ತು. ಖಮೀರ್ ಸತ್ತರೆ ಲಿಂಗಸುಗೂರಿಗೆ ಹೋಗಬೇಕಾಗುತ್ತಿತ್ತು. ಲಿಂಗಸುಗೂರಿನಲ್ಲಿ ಅವರ ತಮ್ಮ ಮುಕ್ತಿಯಾರ್ ಇದ್ದ.

ಖಮೀರ್ ಎಂದರೆ ನಿನ್ನೆ ನಾದಿದ ಹಿಟ್ಟಿನಲ್ಲಿ ಇವತ್ತಿಗೆಂದು ಎತ್ತಿಟ್ಟ ಒಂದು ಹುಳಿ ಮುದ್ದೆ. ಹಾಲಿಗೆ ಹೆಪ್ಪು ಹೇಗೋ, ಬನ್ನಿನ ಹಿಟ್ಟಿಗೆ ಖಮೀರ್ ಹಾಗೆ. ಅದರೊಳಗೆ ಕಣ್ಣಿಗೆ ಕಾಣದ ಯೀಸ್ಟ್ ಜೀವಿಗಳು ಕೋಟಿಗಟ್ಟಲೆ ಸಂಸಾರ ಹೂಡಿರುತ್ತವೆ. ಅವು ಬದುಕಿದ್ದರೆ ಹಿಟ್ಟು ಉಬ್ಬುತ್ತದೆ, ಇಲ್ಲವಾದರೆ ಬನ್ನನ್ನು ಗೋಡೆ ಕಟ್ಟಲು ಬಳಸಬಹುದು. ಈಗ ಎಲ್ಲರೂ ಅಂಗಡಿಯಲ್ಲಿ ಸಿಗುವ ಯೀಸ್ಟ್ ಪುಡಿ ಹಾಕುತ್ತಾರೆ. ಬಂದೇಸಾಬರು ಆ ಪುಡಿಯನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಅವರದು ಅಪ್ಪ ಇಮಾಮ್‌ಸಾಬರ ಕಾಲದ ಖಮೀರ್.

ಅಪ್ಪ ಇದ್ದಾಗಲೇ ಅಣ್ಣತಮ್ಮಂದಿರು ಬೇರೆಯಾಗಿದ್ದರು. ಜಗಳಕ್ಕೆ ಹೊಲ ಕಾರಣವಲ್ಲ, ಮನೆ ಕಾರಣವಲ್ಲ. ಬನ್ನಿನ ಮೇಲೆ ಎಳ್ಳು ಉದುರಿಸಬೇಕೆಂದು ಬಂದೇಸಾಬರು, ಗಸಗಸೆ ಉದುರಿಸಬೇಕೆಂದು ಮುಕ್ತಿಯಾರ್. ಅಷ್ಟಕ್ಕೇ ಒಂದು ಮನೆ ಎರಡಾಯಿತು. ಇಮಾಮ್‌ಸಾಬರು ತಗಡಿನ ತಟ್ಟೆ ಹಂಚಿದರು, ತಕ್ಕಡಿ ಹಂಚಿದರು. ಕೊನೆಗೆ ಖಮೀರಿನ ಮುದ್ದೆಯನ್ನು ಚಾಕುವಿನಿಂದ ಎರಡು ಹೋಳು ಮಾಡಿ ಎರಡು ಸ್ಟೀಲ್ ಡಬ್ಬಿಗೆ ಹಾಕಿ, ಒಂದು ಕಟ್ಟಪ್ಪಣೆ ಮಾಡಿದರು.

"ಯಾರ ಖಮೀರ್ ಸಾಯ್ತೈತೋ ಅವ ಇನ್ನೊಬ್ಬನ ಮನಿಗೆ ತಾನೇ ಬರಬೇಕು. ಖಾಲಿ ಡಬ್ಬಿ ಹಿಡ್ಕೊಂಡು ಬರಬೇಕು. ಆಳಿನ ಕೈಲಿ ಕಳಸಂಗಿಲ್ಲ. ಬಂದವ ಕುಂತು ಉಂಡು, ಆಮ್ಯಾಲೆ ಖಮೀರ್ ಒಯ್ಯಬೇಕು. ಇದು ನನ್ನ ಹುಕುಂ."

ಎಂಥಾ ಹುಕುಂ! ಮುಕ್ತಿಯಾರನ ಲಿಂಗಸುಗೂರಿನ ಬೇಕರಿ ಹಳೇ ಕಲ್ಲಿನ ಮನೆಯಲ್ಲಿತ್ತು, ಒಳಗೆ ತಂಪೋ ತಂಪು. ಅವನ ಖಮೀರ್‌ಗೆ ನೆಗಡಿ ಕೂಡ ಬಂದದ್ದಿಲ್ಲ. ಬಂದೇಸಾಬರದು ತಗಡಿನ ಶೆಡ್ಡು. ಹೀಗಾಗಿ ಪ್ರತಿ ವರ್ಷ ಮಾವಿನಹಣ್ಣಿನ ಕಾಲಕ್ಕೆ ದೊಡ್ಡವರಾದ ಬಂದೇಸಾಬರೇ ಖಾಲಿ ಡಬ್ಬಿ ಹಿಡಿದು ಚಿಕ್ಕವನ ಬಾಗಿಲಿಗೆ ಹೋಗಿ ನಿಲ್ಲಬೇಕಿತ್ತು. ಮುಕ್ತಿಯಾರ್ ಬಾಗಿಲಲ್ಲೇ ಕಾದಿರುತ್ತಿದ್ದ.

"ಬಡೇಭಾಯಿ, ಈ ವರ್ಷನೂ ಮಯ್ಯತ್ ಆತೇನು? ಮಣ್ಣು ಕೊಡಾಕ ನಮ್ಮನ್ನೂ ಕರೀಬಾರದಾ?"

ಓಣಿಗೆ ಓಣಿಯೇ ನಗುತ್ತಿತ್ತು. ಬಂದೇಸಾಬರು ಹಲ್ಲು ಕಚ್ಚಿಕೊಂಡು ಒಳಗೆ ಹೋಗಿ ಊಟಕ್ಕೆ ಕೂಡುತ್ತಿದ್ದರು. ಮುಕ್ತಿಯಾರನ ಹೆಂಡತಿ ಕೌಸರ್ ಬಗಾರಾ ಅನ್ನ, ಖಟ್ಟಾ, ಕೈಮಾ, ಮಾವಿನಹಣ್ಣಿನ ರಸ ಬಡಿಸುತ್ತಿದ್ದಳು. ಉಂಡು ಅಣ್ಣತಮ್ಮ ಒಂದೇ ಚಾಪೆಯ ಮೇಲೆ ಅಡ್ಡಾಗಿ, ಅಪ್ಪ ಗಿರಾಕಿಗಳಿಗೆ ಬಯ್ಯುತ್ತಿದ್ದ ರೀತಿಯನ್ನು ಅಣಕಿಸಿ ಹೊಟ್ಟೆ ಹಿಡಿದು ನಗುತ್ತಿದ್ದರು. ಆ ಭಾಗವನ್ನು ಬಂದೇಸಾಬರು ಮಸ್ಕಿಗೆ ಬಂದು ಯಾರಿಗೂ ಹೇಳುತ್ತಿರಲಿಲ್ಲ. "ಊಟ ಪರವಾಗಿಲ್ಲ" ಎಂದಷ್ಟೇ ಒಪ್ಪುತ್ತಿದ್ದರು.

ಹೋದ ವರ್ಷವಂತೂ ತಿರುಗಿ ಬರುವಾಗ ಬಸ್ಸಿನಲ್ಲಿ ದೊಡ್ಡ ಫಜೀತಿ. ತೊಡೆಯ ಮೇಲಿನ ಡಬ್ಬಿಯಲ್ಲಿ ಖಮೀರ್ ಸೆಕೆಗೆ ಉಬ್ಬಿ, ಮುಚ್ಚಳ ಟಪ್ಪೆಂದು ಹಾರಿ, ಪಕ್ಕದಲ್ಲಿ ನಿದ್ದೆ ಹೋಗಿದ್ದ ಗುರುಗುಂಟಾದ ಕುರಿ ವ್ಯಾಪಾರಿಯ ಜುಬ್ಬಾದ ಜೇಬಿಗೆ ಸದ್ದಿಲ್ಲದೆ ಇಳಿಯಿತು. ಆತ ಎದ್ದು ಜೇಬಿಗೆ ಕೈ ಹಾಕಿದವನು ಕೈ ಹೊರಗೆ ತೆಗೆಯಲು ಒದ್ದಾಡಿದ. ಅಪ್ಪನ ಆಸ್ತಿಯಲ್ಲಿ ಕಾಲು ಭಾಗ ಆ ಜೇಬಿನಲ್ಲೇ ಹೋಯಿತು.

ಆವತ್ತೇ ಬಂದೇಸಾಬರು ಆಣೆ ಮಾಡಿದರು. "ಬರೋ ವರ್ಷ ಅವನ ಬಾಗಿಲಿಗೆ ಹೋದ್ರ ಭಟ್ಟಿ ಆರಿಸಿ ಜಾತ್ರ್ಯಾಗ ಗಾಳಿ ಪುಗ್ಗಿ ಮಾರ್ತೀನಿ."

ಆಣೆಯ ಮೊದಲ ಫಲವಾಗಿ ಈ ಬೇಸಿಗೆ ಮನೆಗೆ ಒಂದು ಕೂಲರ್ ಬಂತು. ಹೆಂಡತಿ ಖಾಸಿಂಬೀ ಕೈ ತೊಳೆದು, ಸೆರಗು ಸರಿಮಾಡಿಕೊಂಡು ಅದರ ಮುಂದೆ ಕೂರುವಷ್ಟರಲ್ಲಿ ಬಂದೇಸಾಬರು ಅದನ್ನು ಎತ್ತಿಕೊಂಡು ಬೇಕರಿಗೆ ನಡೆದರು. ಖಮೀರ್ ಡಬ್ಬಿಗೆ ಒಂದು ಸ್ಟೂಲು, ಸ್ಟೂಲಿಗೆ ಒಂದು ದಿಂಬು, ಡಬ್ಬಿಯ ಸುತ್ತ ಒದ್ದೆ ಮಲ್ಲು ಬಟ್ಟೆ, ಎದುರಿಗೆ ಕೂಲರ್. ಖಮೀರ್ ಹೊಸ ಅಳಿಯನ ಹಾಗೆ ಗಾಳಿ ತಗೊಳ್ಳುತ್ತ ಕೂತಿತು. ಹಿಂದಿನ ವರ್ಷಗಳಲ್ಲೂ ಹಸಿ ಗೋಣಿಚೀಲ, ನೀರಿನ ಹರವಿ ಅಂತ ಉಪಚಾರ ನಡೆದೇ ಇತ್ತು. ಈ ಸಲ ಅದು ರಾಜೋಪಚಾರಕ್ಕೆ ಏರಿತು.

"ನನ್ನನ್ನ ಮದಿವಿ ಆಗಿ ಇಷ್ಟು ವರ್ಷ ಆತು, ಒಂದು ಬೀಸಣಿಕಿ ಬೀಸಿಲ್ಲ," ಎಂದಳು ಖಾಸಿಂಬೀ.

"ನೀ ಸತ್ರ ಲಿಂಗಸುಗೂರಿಗೆ ಹೋಗೋ ಪಾಳಿ ಬರಂಗಿಲ್ಲಲ್ಲ," ಎಂದುಬಿಟ್ಟರು ಬಂದೇಸಾಬರು. ಆ ಮಾತಿಗೆ ಅವರಿಗೆ ವಾರಗಟ್ಟಲೆ ಉಪ್ಪಿಲ್ಲದ ಸಾರು ಸಿಕ್ಕಿತು, ಅದು ಸರಿಯೇ.

ಅತಿಯಾದರೆ ಅಮೃತವೂ ವಿಷ ಅನ್ನುತ್ತಾರೆ. ಏಪ್ರಿಲ್ ಮುಗಿಯುವ ಹೊತ್ತಿಗೆ ಒಂದು ಮಟಮಟ ಮಧ್ಯಾಹ್ನ ಕರೆಂಟ್ ಹೋಯಿತು. ಕೂಲರ್ ನಿಂತಿತು. ತಗಡು ಕಾದು ಹಂಚಾಯಿತು. ಬಂದೇಸಾಬರು ರಟ್ಟು ಹಿಡಿದು ಗಾಳಿ ಹಾಕಿದರು, ಊದಿದರು, ನಿಂತ ಕೂಲರಿನ ಕಡೆ ಕೈ ಎತ್ತಿ ಬೇಡಿಕೊಂಡರು. ಸಂಜೆ ಮುಚ್ಚಳ ತೆಗೆದರೆ ಖಮೀರ್ ಗಾಳಿ ಹೋದ ಟ್ಯೂಬಿನಂತೆ ಡಬ್ಬಿಯ ತಳಕ್ಕೆ ಅಂಟಿತ್ತು. ಮೂಗಿಗೆ ಕೆಟ್ಟ ಹುಳಿ ಬಡಿಯಿತು. ಬಂದೇಸಾಬರ ಕಣ್ಣ ಮುಂದೆ ಲಿಂಗಸುಗೂರಿನ ಆ ಬಾಗಿಲು, ಆ ಬಾಗಿಲಿನ ತುಂಬ ಮುಕ್ತಿಯಾರನ ಹಲ್ಲು ಕಾಣಿಸಿದವು.

ಅದೃಷ್ಟಕ್ಕೆ ಅದೇ ಸಂಜೆ ಸಿಂಧನೂರಿನಿಂದ ಸೋದರ ಸೊಸೆ ವಸೀಮಾ ಬಂದಳು. ಬಂದೇಸಾಬರ ತಂಗಿ ದಾವಲ್‌ಬೀಯ ಮಗಳು, ಬಯೋಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಳು. ರಜೆಗೆಂದು ಬಂದವಳಿಗೆ ಮಾವ ಡಬ್ಬಿಯ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತದ್ದು ಕಂಡು ಗಾಬರಿಯಾಯಿತು.

"ಮಾಮು, ಯಾರು ಹೋದ್ರು?"

ಬಂದೇಸಾಬರು ಡಬ್ಬಿ ತೋರಿಸಿದರು. ವಸೀಮಾ ಚಮಚದಿಂದ ಕೆದಕಿ, ಮೂಸಿ, ಮುದ್ದೆಯ ನಡುವಿನಿಂದ ನಿಂಬೆಹಣ್ಣಿನಷ್ಟು ತುಣುಕು ತೆಗೆದು, ಹೊಸ ಹಿಟ್ಟು ನೀರು ಹಾಕಿ ಕಲಸಿಟ್ಟಳು. ಚಹಾ ಕುಡಿದು, ಸುದ್ದಿ ಹೇಳಿ, ಮತ್ತೆ ನೋಡುವಷ್ಟರಲ್ಲಿ ಅದರ ಮೇಲೆ ಒಂದೇ ಒಂದು ಗುಳ್ಳೆ ಎದ್ದಿತು.

"ಜೀವ ಐತಿ!" ಎಂದು ಬಂದೇಸಾಬರು ಕೂಗಿದ ಕೂಗಿಗೆ ಎದುರಿನ ಚಹಾದಂಗಡಿಯ ದುರುಗಪ್ಪ, ಯಾರಿಗೋ ಏನೋ ಆಯಿತೆಂದು ಸಾಸರ್ ಹಿಡಿದೇ ಓಡಿ ಬಂದ.

"ನೀವೇ ಇದನ್ನ ಕೆಡಿಸೀರಿ ಮಾಮು," ಎಂದಳು ವಸೀಮಾ. ಅವಳ ಈ ವರ್ಷದ ಪ್ರಾಜೆಕ್ಟೇ ಯೀಸ್ಟಿಗೆ ಬಿಸಿ ತಾಗಿದರೆ ಒಳಗೆ ಏನಾಗುತ್ತದೆ ಅನ್ನುವುದು. "ಯೀಸ್ಟಿನೊಳಗ ಸಾವಿರಾರು ಜೀನ್ ಇರ್ತಾವು. ಒಂದೊಂದು ಜೀನ್ ಅಂದ್ರ ಒಂದೊಂದು ಕೆಲಸದ ಹುಕುಂ. ಪ್ರತಿ ಜೀನಿನ ಮುಂದ ಒಂದು ಸ್ವಿಚ್ ಇರ್ತೈತಿ, ಅದಕ್ಕ ಪ್ರಮೋಟರ್ ಅಂತೀವಿ. ಸ್ವಿಚ್ ಹಾಕಿದ್ರ ಹುಕುಂ ಜಾರಿ, ಇಲ್ಲಾಂದ್ರ ಜೀನ್ ಸುಮ್ಮನ ಕುಂದ್ರತೈತಿ."

"ಸ್ವಿಚ್ ಹಾಕೋರು ಯಾರವಾ?"

"ಬಿಸಿ ತಾಗಿದ ಕೂಡ್ಲೆ ಒಳಗಿನ ಒಂದು ಪ್ರೋಟೀನ್ ಹೋಗಿ ಹಾಕ್ತೈತಿ."

"ಲೈನ್‌ಮನ್ ಇದ್ದಂಗ ಅನ್ನು."

"ಇದು ಕರೆದ ಕೂಡ್ಲೆ ಬರ್ತೈತಿ ಮಾಮು."

"ಹಂಗಾದ್ರ ಲೈನ್‌ಮನ್ ಅಲ್ಲ ಬಿಡು," ಎಂದ ದುರುಗಪ್ಪ.

ವಸೀಮಾ ನಕ್ಕು ಮುಂದುವರಿಸಿದಳು. ಬಿಸಿ ಏರಿದಾಗ ಯೀಸ್ಟ್ ಉಬ್ಬುವ, ಬೆಳೆಯುವ ಸ್ವಿಚ್ಚುಗಳನ್ನು ಸಣ್ಣ ಮಾಡಿ, ರಿಪೇರಿ ಸ್ವಿಚ್ಚುಗಳನ್ನು ಜೋರು ಮಾಡುತ್ತದಂತೆ. ಬಿಸಿಗೆ ಅದರೊಳಗಿನ ಪ್ರೋಟೀನುಗಳು ಮುದುಡಿ ಗಂಟಾಗುತ್ತವೆ. ಗಂಟು ಬಿಡಿಸುವ ಬೇರೆ ಪ್ರೋಟೀನುಗಳು ಆಗ ತಯಾರಾಗುತ್ತವೆ. ಆದರೆ ತಯಾರಾಗಲು ಸ್ವಲ್ಪ ಹೊತ್ತು ಬೇಕು.

"ನೀವು ಇದನ್ನ ಕೂಲರ್ ಮುಂದ ಕುಂದ್ರಿಸಿ ತಂಪು ಮಾಡಿ ಇಟ್ರಿ. ಒಮ್ಮಿಗೇ ಕಾವು ಬಡೀತು. ಸ್ವಿಚ್ ಹಾಕಾಕ ಪುರಸೊತ್ತೇ ಸಿಗಲಿಲ್ಲ ಅದಕ್ಕ. ಮುಂಜಾನೆ ಸ್ವಲ್ಪ ಬೆಚ್ಚಗ ಮಾಡಿ ತಯಾರು ಮಾಡಿದ್ರ, ಮಧ್ಯಾಹ್ನದ ದೊಡ್ಡ ಬಿಸಿಲು ತಡಕೊಂತೈತಿ."

ಬಂದೇಸಾಬರ ಮುಖ ಅರಳಿತು. ಚಿಕ್ಕಂದಿನಲ್ಲಿ ಗರಡಿಗೆ ಹೋಗಿ ಮಣ್ಣು ಮೆತ್ತಿಕೊಂಡ ದೇಹ ಅದು. "ತಾಲೀಮು!" ಎಂದರು. "ಹಂಗ ಅನ್ನಬಾರದಾ ಮೊದಲ? ಇದಕ್ಕ ತಾಲೀಮು ಬೇಕು!"

ಬಿಸಿಗೆ ಸ್ವಿಚ್ ಬಿತ್ತೋ ಇಲ್ಲವೋ ಎಂದು ಗೊತ್ತಾಗುವುದು ಹೇಗೆ ಎಂದು ದುರುಗಪ್ಪ ಕೇಳಬಾರದಿತ್ತು. ಕೇಳಿದ. ವಸೀಮಾ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು: ಕಪ್ಪು ಹಿನ್ನೆಲೆ, ಅದರ ಮೇಲೆ ಹಸಿರಾಗಿ ಮಿನುಗುವ ಸಣ್ಣ ಸಣ್ಣ ಗುಂಡುಗಳು. ಲ್ಯಾಬಿನಲ್ಲಿ ಆ ಪ್ರಮೋಟರಿನ ಹಿಂದೆ ಮಿನುಗುವ ಜೀನ್ ಒಂದನ್ನು ಜೋಡಿಸುತ್ತಾರಂತೆ. ಸ್ವಿಚ್ ಎಷ್ಟು ಜೋರಾಗಿ ಬಿತ್ತೋ ಯೀಸ್ಟ್ ಅಷ್ಟು ಹಸಿರು ಮಿನುಗುತ್ತದೆ. ಅದನ್ನು ಮಷೀನಿನಲ್ಲಿ ಅಳೆಯುತ್ತಾರೆ.

"ಇದು ಲ್ಯಾಬಿನ ಯೀಸ್ಟ್. ಮಾಮುಂದಲ್ಲ," ಎಂದು ಅವಳು ಎರಡೆರಡು ಸಲ ಹೇಳಿದಳು. ಊರ ಬಾಯಿಗೆ ಮುಚ್ಚಳ ಉಂಟೇ? ಮರುದಿನ ಊಟದ ಹೊತ್ತಿಗೆ ಬಂದೇಸಾಬರ ಬನ್ನು ಕತ್ತಲಲ್ಲಿ ಹಸಿರು ಲೈಟು ಬಿಡುತ್ತದೆ ಎಂದು ಮಸ್ಕಿಯೆಲ್ಲ ಸುದ್ದಿ. ಹಟ್ಟಿ ಗಣಿಯಲ್ಲಿ ಪಾಳಿ ಮಾಡುವ ಒಬ್ಬ ಬೈಕ್ ನಿಲ್ಲಿಸಿ, "ಒಂದು ಡಜನ್ ಕೊಡ್ರಿ, ಬ್ಯಾಟರಿನೂ ಆತು, ನಾಷ್ಟಾನೂ ಆತು" ಎಂದ. ವಳಕಮದಿನ್ನಿಯ ರೈತನೊಬ್ಬ ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವಾಗ ಹಿಡಿದುಕೊಳ್ಳಲು ದೊಡ್ಡ ಸೈಜಿಂದು ಕೇಳಿದ. ಯಂಕಮ್ಮ ಎಂಬ ಮುದುಕಿ ಬನ್ನನ್ನು ಸೆರಗಿನೊಳಗೆ ಮುಚ್ಚಿ ಮುಚ್ಚಿ ಇಣುಕಿ ನೋಡಿ, "ಇದು ಸುಟ್ಟೈತಿ, ಬಲ್ಬ್ ಹೋಗೇತಿ, ಬದಲಿ ಕೊಡು" ಎಂದು ಜಗಳಕ್ಕೆ ನಿಂತಳು. ಬಂದೇಸಾಬರು ಮೊದಲು ಎಲ್ಲರಿಗೂ ತಿಳಿಸಿ ಹೇಳಿದರು. ಆಮೇಲೆ ಸಾಕಾಗಿ, "ಈಗ ಕಾಣಂಗಿಲ್ಲ, ನಂಬಿಕಿ ಇದ್ದೋರಿಗೆ ಅಮಾಸಿಗೆ ಕಾಣ್ತೈತಿ" ಎಂದು ಸಾಗಹಾಕಿದರು.

ತಾಲೀಮು ಶುರುವಾಯಿತು. ವಸೀಮಾ ಹೇಳಿದ್ದು ಇಷ್ಟೇ: ಬೆಳಿಗ್ಗೆ ಭಟ್ಟಿ ಆರುತ್ತ ಬಂದಾಗ ಕೈ ಇಟ್ಟರೆ ಹಿತವೆನಿಸುವಷ್ಟು ಬೆಚ್ಚಗಿನ ಜಾಗದಲ್ಲಿ ಡಬ್ಬಿಯನ್ನು ಸ್ವಲ್ಪ ಹೊತ್ತು ಇಟ್ಟು, ತೆಗೆದು, ನೆರಳಿಗೆ ಇಡಬೇಕು. ಕೂಲರ್ ಬೇಡ. ಕೂಲರ್ ಖಾಸಿಂಬೀಗೆ ಹೋಯಿತು, ಸಾರಿಗೆ ಉಪ್ಪು ಬಂತು. ಆದರೆ ಹೇಳಿದಷ್ಟೇ ಮಾಡಿದರೆ ಅವರು ಬಂದೇಸಾಬರು ಹೇಗಾದಾರು? ಖಮೀರಿಗೆ ಅವರು ಉಸ್ತಾದರಾದರು. ಲುಂಗಿ ಮೇಲೆ ಕಟ್ಟಿ, ತೊಡೆ ತಟ್ಟಿ, ಡಬ್ಬಿಯನ್ನು ಭಟ್ಟಿಯ ಪಕ್ಕಕ್ಕೆ ಒಯ್ಯುತ್ತಿದ್ದರು. "ಶಾಬಾಸ್ ಬೇಟಾ! ಹೆದರಬ್ಯಾಡ, ಸ್ವಿಚ್ ಹಾಕು!" ಎಂದು ಕೂಗುತ್ತಿದ್ದರು. ಡಬ್ಬಿಯ ಹೊಟ್ಟೆಗೆ ಒಂದು ಕೆಂಪು ಲಂಗೋಟಿಯನ್ನೂ ಕಟ್ಟಿದರು. ಅದನ್ನು ವಸೀಮಾ ವಿಜ್ಞಾನದ ಹೆಸರಿನಲ್ಲಿ ಬಿಚ್ಚಿಸಿದಳು.

ಮೇ ತಿಂಗಳು ಬಂತು. ಮಸ್ಕಿಯ ಗುಡ್ಡದ ಬಂಡೆಗಳು ಮುಟ್ಟಿದರೆ ಚುರ್ರೆನ್ನುವಂತಾದವು. ನಾಯಿಗಳು ಬೊಗಳುವುದನ್ನು ಸಂಜೆಗೆ ಮುಂದೂಡಿದವು. ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಖಮೀರ್ ಮಾತ್ರ ಮಧ್ಯಾಹ್ನ ಸ್ವಲ್ಪ ಮಂಕಾದರೂ, ಸಂಜೆ ಹೊಸ ಹಿಟ್ಟು ಕಂಡ ಕೂಡಲೇ ಮೈ ಕೊಡವಿ ಎದ್ದು ಕೂಡುತ್ತಿತ್ತು. ಬಂದೇಸಾಬರು ಪ್ರತಿ ಸಂಜೆ ಮುಚ್ಚಳ ತೆಗೆದು ಗಿರಾಕಿಗಳಿಗೆಲ್ಲ ದರ್ಶನ ಮಾಡಿಸಿದರು.

ಗೆದ್ದದ್ದಾಯಿತು. ಆದರೆ ಗೆದ್ದವರ ಮುಖ ಹಾಗಿರುವುದಿಲ್ಲ. ಮಾವಿನಹಣ್ಣು ಬಂದವು, ಎರಡು ತಿಂದು, "ಈ ವರ್ಷ ರುಚಿನೇ ಇಲ್ಲ" ಎಂದು ಬುಟ್ಟಿ ಸರಿಸಿದರು. ಮಧ್ಯಾಹ್ನ ಚಾಪೆಯ ಮೇಲೆ ಮಲಗಿದರೆ ನಿದ್ದೆ ಹತ್ತುತ್ತಿರಲಿಲ್ಲ. ಅಪ್ಪ ಬೈಯುತ್ತಿದ್ದ ಒಂದು ಬೈಗುಳ ನೆನಪಾಗಿ ನಗು ಬಂತು. ಖಾಸಿಂಬೀಗೆ ಹೇಳಿದರೆ ಅವಳಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಲಿಂಗಸುಗೂರಿನ ಬಸ್ಸು ಬಂದಾಗಲೆಲ್ಲ ಅವರು ಕೆಲಸ ಬಿಟ್ಟು ಹೊರಗೆ ಬಂದು ನಿಲ್ಲತೊಡಗಿದರು.

"ಯಾರರೆ ಬರೋರದಾರೇನ್ರೀ?" ಎಂದು ದುರುಗಪ್ಪ ಕೇಳಿದರೆ, "ಬಸ್ಸಿನ ಟೈರ್ ನೋಡಾಕತ್ತೀನಿ" ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಅವರಿಗೆ ತಮ್ಮನ ಮೇಲೆ ಜೀವ ಎಳೆಯುತ್ತಿತ್ತು. ಆದರೆ ಆಣೆ ಮಾಡಿದ್ದರು. ಖಮೀರೂ ಗುಂಡುಕಲ್ಲಿನ ಹಾಗಿತ್ತು. ಯಾವ ನೆಪ ಹೇಳಿ ಹೋಗಬೇಕು?

ಹೀಗಿರುವಾಗ ಒಂದು ದಿನ ಬಸ್ಸಿನಿಂದ ಮುಕ್ತಿಯಾರನೇ ಇಳಿದ. ಒಂದು ಕೈಯಲ್ಲಿ ಚೀಲ. ಇನ್ನೊಂದು ಕೈಯಲ್ಲಿ ಖಾಲಿ ಸ್ಟೀಲ್ ಡಬ್ಬಿ.

ಬಂದೇಸಾಬರ ಎದೆ ಭಟ್ಟಿಯಲ್ಲಿಟ್ಟ ಬನ್ನಿನಂತೆ ಉಬ್ಬಿತು. ಇಷ್ಟು ವರ್ಷ ಮನಸ್ಸಿನಲ್ಲೇ ನಾದಿಟ್ಟ ಮಾತುಗಳೆಲ್ಲ ಒಮ್ಮೆಲೇ ಗಂಟಲಿಗೆ ಬಂದವು.

"ಏನು ತಮ್ಮಾ? ಯಾರರೆ ತೀರಿಕೊಂಡ್ರೇನು?"

"ಹೂಂ ಬಡೇಭಾಯಿ," ಮುಕ್ತಿಯಾರ್ ತಲೆ ತಗ್ಗಿಸಿದ. "ಹೋಗಿಬಿಡ್ತು."

"ಹೆಂಗ ಹೋತು? ನಿಂದು ಕಲ್ಲಿನ ಮನಿ!"

"ಎ.ಸಿ. ಹಾಕಿಸಿದ್ದೆ. ಕರೆಂಟ್ ಹೋತು ನೋಡು, ಅದೂ ಹೋತು."

"ಯಾವ ಕಂಪನಿ ಎ.ಸಿ.?"

ಮುಕ್ತಿಯಾರ್ ಒಂದು ಗಳಿಗೆ ಯೋಚಿಸಿದ. "ಬಿಳೇದು," ಎಂದ.

ಬಂದೇಸಾಬರು ಗೆಲುವಿನ ಭರದಲ್ಲಿದ್ದರು, ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ದುರುಗಪ್ಪನನ್ನು ಕರೆದರು, ಪಕ್ಕದ ಸೈಕಲ್ ಅಂಗಡಿಯವನನ್ನೂ ಕರೆದರು. ಎಲ್ಲರ ಮುಂದೆ, "ಖಮೀರ್ ಸಾಕೋದಂದ್ರ ಕೋಳಿ ಸಾಕಿದಂಗಲ್ಲ ತಮ್ಮಾ! ಸ್ವಿಚ್ ಗೊತ್ತಿರಬೇಕು, ಪ್ರಮೋಟರ್ ಗೊತ್ತಿರಬೇಕು!" ಎಂದು ಭಾಷಣ ಬಿಗಿದರು. ಮುಕ್ತಿಯಾರ್ "ಹೌದೌದು, ನಿನ್ನ ಮಾತು ಖರೇ" ಎಂದು ಎಷ್ಟು ಸಂತೋಷದಿಂದ ಒಪ್ಪಿಕೊಂಡನೆಂದರೆ ಬೈಯುವುದರ ಸೊಗಸೇ ಹೋಯಿತು.

ಆಮೇಲೆ ಊಟ. ಖಾಸಿಂಬೀ ಕೋಳಿ ಸಾರು ಮಾಡಿದಳು. ಅಪ್ಪನ ಹುಕುಮಿನ ಪ್ರಕಾರ ಕುಂತು ಉಂಡರು. ಹುಕುಮಿನಲ್ಲಿ ಇಲ್ಲದಿದ್ದರೂ ಬುಟ್ಟಿಯ ಮಾವಿನಹಣ್ಣೆಲ್ಲ ಖಾಲಿ ಮಾಡಿದರು. ಚಾಪೆಯ ಮೇಲೆ ಅಡ್ಡಾಗಿ ಬಂದೇಸಾಬರು ಆ ಬೈಗುಳ ನೆನಪಿಸಿದ್ದೇ ತಡ, ಮುಕ್ತಿಯಾರ್ ಅಪ್ಪನ ದನಿಯಲ್ಲೇ ಅದನ್ನು ಪೂರ್ತಿ ಮಾಡಿದ. ಇಬ್ಬರೂ ನಕ್ಕ ನಗುವಿಗೆ ತಗಡಿನ ಮೇಲಿನ ಪಾರಿವಾಳಗಳು ಎದ್ದು ಹೋದವು. ಸಂಜೆ ಬಂದೇಸಾಬರು ತಾಲೀಮಾದ ಖಮೀರನ್ನು ಡಬ್ಬಿ ತುಂಬ ಹಾಕಿ, ತಮ್ಮನನ್ನು ಬಸ್ಸಿಗೆ ಹತ್ತಿಸಿ, ಪಕ್ಕದ ಸೀಟಿನವನಿಗೆ "ಜೇಬು ಜ್ವಾಕಿ" ಎಂದು ಎಚ್ಚರಿಕೆ ಹೇಳಿ ಮನೆಗೆ ಬಂದರು.

ಖಾಸಿಂಬೀ ಚಹಾದ ಜೊತೆ ತಟ್ಟೆಯಲ್ಲಿ ಬನ್ನು ಇಟ್ಟಳು. "ಮುಕ್ತಿಯಾರ್ ಭಾಯಿ ತಂದಿದ್ರು. ಬರಿಗೈಲಿ ಬರೋ ರೂಢಿ ಅವರಿಗೆಲ್ಲೈತಿ?"

ಬಂದೇಸಾಬರು ಚಹಾದಲ್ಲಿ ಅದ್ದಿ ಬಾಯಿಗಿಟ್ಟರು. ಬನ್ನು ಹತ್ತಿಯ ಹಾಗೆ ಮೆತ್ತಗಿತ್ತು. ಆವತ್ತು ಬೆಳಿಗ್ಗೆಯೇ ಭಟ್ಟಿಯಿಂದ ತೆಗೆದದ್ದು. ನಾಲಿಗೆಯ ಹಿಂದೆ ಸಣ್ಣಗೆ ಒಂದು ಹುಳಿ ಮೇಲೆದ್ದಿತು. ಅವರ ಕೈ ನಿಂತಿತು.

"ಇದು ಅಪ್ಪನ ಖಮೀರಿಂದು," ಎಂದರು.

"ಸತ್ತೈತಿ ಅಂದ್ರಲ್ಲ? ಪುಡಿ ಹಾಕಿ ಮಾಡಿರಬೇಕು."

"ಪುಡಿಗೆ ಈ ಹುಳಿ ಎಲ್ಲಿಂದ ಬರಬೇಕು? ನನಗ ಹೇಳ್ತೀಯೇನು?" ಅವರು ಬನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಅದರ ಮೇಲೆ ಗಸಗಸೆ ಇರಲಿಲ್ಲ. ತುಂಬ ಎಳ್ಳಿತ್ತು.

ಬಂದೇಸಾಬರು ಬೆರಳಿನಿಂದ ಒಂದೊಂದೇ ಎಳ್ಳು ಮುಟ್ಟಿ ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು, "ಹರಾಮಖೋರ! ಬಿಳೇ ಎ.ಸಿ. ಅಂತ ಬಿಳೇ ಎ.ಸಿ.!" ಎಂದು ಬೈದು, ಉಳಿದ ಬನ್ನನ್ನೆಲ್ಲ ಒಬ್ಬರೇ ತಿಂದು ಮುಗಿಸಿದರು. ವಸೀಮಾ ಕೈ ಚಾಚಿದರೂ ಕೊಡಲಿಲ್ಲ.

ಮರುದಿನ ಮುಂಜಾನೆ ಅವರು ಖಮೀರನ್ನು ಗಡಿಗೆಗೆ ಸುರಿದು, ತಮ್ಮ ಸ್ಟೀಲ್ ಡಬ್ಬಿಗೆ ಬೂದಿ ಹಚ್ಚಿ ತೊಳೆದರು. ಹೋದ ವರ್ಷದ ಆಣೆಯೂ ಆ ಬೂದಿಯ ಜೊತೆಗೇ ತೊಳೆದು ಹೋಯಿತು. ಒಂದು ಚೀಲದ ತುಂಬ ಬಿಸಿ ಬನ್ನು ಹಾಕಿಕೊಂಡರು. ಒಂದರ ಮೇಲೆ ಮಾತ್ರ ಗಸಗಸೆ, ಉಳಿದವೆಲ್ಲ ಎಳ್ಳಿನವು. ಪೂರ್ತಿ ಸೋಲಲು ಅವರಿಗಿನ್ನೂ ಮನಸ್ಸಿರಲಿಲ್ಲ.

"ಎಲ್ಲಿಗೆ ಹೊಂಟ್ರಿ?" ಎಂದು ದುರುಗಪ್ಪ ಕೂಗಿದ.

"ಲಿಂಗಸುಗೂರಿಗೆ. ಖಮೀರ್ ಸತ್ತೈತಿ."

"ಅಯ್ಯ! ನಿನ್ನೆ ತಮ್ಮಗ ಡಬ್ಬಿ ತುಂಬ ಕೊಟ್ರಲ್ರೀ!"

"ಕೊಟ್ಟ ಮ್ಯಾಲೆ ಸತ್ತೈತಿ. ಬಾಳ ಹಚಗೊಂಡಿತ್ತು ಅವನ್ನ."

ಅವರ ಹಿಂದೆಯೇ ಗಡಿಗೆಯಲ್ಲಿದ್ದ ಖಮೀರ್ ಮುಚ್ಚಳ ಎತ್ತಿ ಅಂಚಿನಿಂದ ಇಳಿಯತೊಡಗಿತ್ತು. ಖಾಸಿಂಬೀ ಮುಚ್ಚಳ ಒತ್ತಿ, ಮೇಲೆ ಒಂದು ಗುಂಡುಕಲ್ಲು ಹೇರಿ, "ಹೌದ್ರೀ ದುರುಗಪ್ಪಣ್ಣ, ಪಾಪ, ಒಮ್ಮಿಗೇ ಹೋತು" ಎಂದಳು. ಆಮೇಲೆ ಗಂಡನ ಕಡೆ ತಿರುಗಿ ಮೆಲ್ಲಗೆ, "ಖಮೀರ್ ಸತ್ತೋರು ಬಿಸಿ ಬನ್ನು ಹೊತ್ಕೊಂಡು ಹೋದ್ರ ಸಿಕ್ಕಿ ಬೀಳಂಗಿಲ್ಲೇನು?" ಎಂದಳು.

"ಬೀಳ್ಲಿ ಬಿಡು. ಅವನೂ ಬಿದ್ದಾನ."

ಬಸ್ಸು ಬಂತು. ಬಂದೇಸಾಬರು ಕಿಟಕಿಯ ಪಕ್ಕ ಕೂತು, ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡರು. ತಮ್ಮನ ಬಾಗಿಲಲ್ಲಿ ಮಾಡಬೇಕಾದ ಅಳುಮೋರೆಯನ್ನು ಮಸ್ಕಿ ದಾಟುವವರೆಗೂ ಅಭ್ಯಾಸ ಮಾಡಿದರು. ಒಂದು ಸಲವೂ ಸರಿಯಾಗಿ ಬರಲಿಲ್ಲ, ನಗುವೇ ಬರುತ್ತಿತ್ತು.